ಗೋಡೆ ತೋಟ ಒಣಗುತ್ತಿದೆಯಾ? ಮೊದಲು ನೀರಿನ ಜಾಡು ಹಿಡಿಯಿರಿ

ಕಲಬುರಗಿಯಲ್ಲಿ ನಮ್ಮ ಮನೆಯ ಮಾಳಿಗೆ ಚಿಕ್ಕದು. ನೀರಿನ ಟಾಕಿ, ಬಟ್ಟೆ ಒಣಹಾಕುವ ತಂತಿ, ಹಪ್ಪಳ ಒಣಗಿಸುವ ಜಾಗ ಬಿಟ್ಟರೆ ಉಳಿಯುವುದು ಒಂದು ಗೋಡೆ ಮಾತ್ರ. ಆ ಗೋಡೆಗೆ ಆರು ಸಾಲು, ಸಾಲಿಗೆ ನಾಲ್ಕರಂತೆ ಮಣ್ಣು ತುಂಬಿ ಗಿಡ ಬೆಳೆಸುವ 24 ಜೇಬುಗಳಿರುವ ವರ್ಟಿಕಲ್ ಪ್ಲಾಂಟರ್ ಕಟ್ಟಿದೆವು. ಡಿಸೆಂಬರ್‌ನಲ್ಲಿ ಮೆಂತ್ಯ, ಕೋತಂಬ್ರಿ, ಪಾಲಕ, ಪುದೀನಾ ಹಾಕಿದೆ. ಫೆಬ್ರವರಿವರೆಗೆ ದಿನಾ ರೊಟ್ಟಿಗೆ ಒಂದು ಹಿಡಿ ಹಸಿ ಸೊಪ್ಪು ಸಿಗುತ್ತಿತ್ತು. ಮಾರ್ಚ್ ಬಂದ ಮೇಲೆ ಎಲೆ ಹಳದಿಯಾದವು, ತುದಿ ಸುಟ್ಟವು, ಮೇಲಿನ ಸಾಲು ಒಣಗಿತು, ಕೆಳಗಿನ ಸಾಲು ಕೊಳೆಯಿತು.

ಕೇಳಿದವರೆಲ್ಲ ಒಂದೊಂದು ಹೇಳಿದರು. ಯೂರಿಯಾ ಹಾಕಿ ಅಂದರು, ಔಷಧಿ ಹೊಡೀರಿ ಅಂದರು, ನೀರು ಜಾಸ್ತಿ ಹಾಕಿ ಅಂದರು. ಎಲ್ಲಾ ಮಾಡಿದೆ. ಒಂದೇ ತಿಂಗಳಲ್ಲಿ 16 ಜೇಬು ಖಾಲಿಯಾದವು.

ಏಪ್ರಿಲ್‌ನಲ್ಲಿ ಆಳಂದ ಕಡೆಯಿಂದ ನಮ್ಮ ಕಾಕಾ ಬಂದಿದ್ದರು. ಹೊಲದಲ್ಲೇ ಜೀವನ ಕಳೆದವರು. ಅವರು ಎಲೆ ನೋಡಲೇ ಇಲ್ಲ. ಸೀದಾ ಜೇಬಿನ ಅಂಚಿಗೆ ಬೆರಳು ತೂರಿಸಿದರು. ಬೆರಳು ಸಲೀಸಾಗಿ ಕೆಳಗಿಳಿಯಿತು. "ಅವ್ವಾ, ಎರೆ ಬಾಯಿ ಬಿಟ್ಟದ ನೋಡು. ನೀರು ಬಾಜೂಕಿಂದ ಹೊಂಟಾವ, ಬೇರಿಗೆ ಮುಟ್ಟೇ ಇಲ್ಲ" ಅಂದರು. ಎರೆ ಅಂದರೆ ನಮ್ಮ ಕಡೆಯ ಕಪ್ಪು ಮಣ್ಣು.

ಅಲ್ಲಿಂದ ಇಲ್ಲಿವರೆಗೆ ಗೋಡೆ ತೋಟದಲ್ಲಿ ಏನೇ ಕೆಟ್ಟರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಹಾಕಿದ ನೀರು ಎಲ್ಲಿಗೆ ಹೋಯಿತು? ನೆಲದಲ್ಲಿ ಗಿಡ ತಾನೇ ಬೇರು ಚಾಚಿ ನೀರು ಹುಡುಕಿಕೊಳ್ಳುತ್ತದೆ. ಎರಡು ಲೀಟರಿನ ಜೇಬಿನಲ್ಲಿ ಆ ದಾರಿ ಇಲ್ಲ. ಅದಕ್ಕೇ ಗೊಬ್ಬರ, ಔಷಧಿ ಮುಟ್ಟುವ ಮೊದಲು ನೀರಿನ ದಾರಿ ನೋಡಬೇಕು.

ಬೆಳಗ್ಗೆ ಆರು ಗಂಟೆಗೆ ನೋಡಿ

ಮಧ್ಯಾಹ್ನ ಬಾಡಿದ ಗಿಡ ನೋಡಿ ನಿರ್ಧಾರ ಮಾಡಬೇಡಿ. ನಮ್ಮೂರಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವ ಬಿಸಿಲು. ಆ ಹೊತ್ತಿಗೆ ಚೆನ್ನಾಗಿರುವ ಗಿಡವೂ ಬಾಡುತ್ತದೆ. ಎಲೆಯಿಂದ ನೀರು ಆವಿಯಾಗುವಷ್ಟು ಬೇಗ ಬೇರು ನೀರು ಎಳೆಯಲಾರದು, ಅಷ್ಟೇ. ಅದನ್ನು ನೋಡಿ ಗಾಬರಿಯಾಗಿ ಇನ್ನೊಂದು ಕೊಡ ನೀರು ಸುರಿಯುವುದರಿಂದಲೇ ಅರ್ಧ ಗಿಡ ಸಾಯುತ್ತವೆ.

ಬೆಳಗ್ಗೆ ಬಿಸಿಲು ಏರುವ ಮೊದಲು ಹೋಗಿ. ಗಿಡ ನೆಟ್ಟಗೆ ನಿಂತಿದ್ದರೆ ಬೇರು ಚೆನ್ನಾಗಿದೆ, ತೊಂದರೆ ಕೊಡುತ್ತಿರುವುದು ಮಧ್ಯಾಹ್ನದ ಬಿಸಿಲು. ಬೆಳಗ್ಗೆಯೂ ಬಾಡಿದ್ದು ಮಣ್ಣು ಒಣಗಿದ್ದರೆ ನೀರು ಮುಟ್ಟಿಲ್ಲ. ಬೆಳಗ್ಗೆಯೂ ಬಾಡಿದೆ, ಆದರೆ ಮಣ್ಣು ಹಸಿಯಾಗಿದೆ ಅಂದರೆ ಬೇರು ಕೊಳೆಯುತ್ತಿದೆ. ಈ ಮೂರನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮಣ್ಣು ಹಸಿಯೋ ಒಣವೋ ಅಂತ ಮೇಲೆ ಮುಟ್ಟಿ ನೋಡಿದರೆ ಸಾಲದು. ಮೇಲೆ ಒಣಗಿ ಒಳಗೆ ಹಸಿ ಇರಬಹುದು, ಮೇಲೆ ಹಸಿ ಇದ್ದು ಒಳಗೆ ಪುಡಿ ಪುಡಿ ಇರಬಹುದು. ನಾನು ತೊಗರಿ ಕಟ್ಟಿಗೆಯ ಸಣ್ಣ ಕಡ್ಡಿ ಇಟ್ಟುಕೊಂಡಿದ್ದೇನೆ. ಸಿಪ್ಪೆ ತೆಗೆದ ಕಡ್ಡಿಯನ್ನು ಜೇಬಿನ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಎಲ್ಲಿವರೆಗೆ ಕಡ್ಡಿ ಕಪ್ಪಗಾಗಿದೆಯೋ ಅಲ್ಲಿವರೆಗೆ ತೇವ ಇದೆ. ಒಂದೇ ಜೇಬಿನಲ್ಲಿ ಎರಡು ಕಡೆ ಚುಚ್ಚಿ. ಒಂದು ಗಿಡದ ಬುಡದ ಹತ್ತಿರ, ಇನ್ನೊಂದು ಅಂಚಿನಲ್ಲಿ. ಅಂಚು ಹಸಿ, ಬುಡ ಒಣ ಅಂತ ಬಂದರೆ ಮುಂದಿನ ಭಾಗ ನಿಮಗಾಗಿಯೇ ಬರೆದದ್ದು.

ನೀರು ಅಂಚಿನಿಂದ ಜಾರುವುದು

ಕಲಬುರಗಿ ಸುತ್ತ ಸುಲಭವಾಗಿ ಸಿಗುವುದು ಎರೆ ಮಣ್ಣು. ತೊಗರಿಗೆ, ಜೋಳಕ್ಕೆ ಅದರಂಥ ಮಣ್ಣಿಲ್ಲ. ಆದರೆ ಅದರ ಗುಣ ನಮಗೆಲ್ಲ ಗೊತ್ತಲ್ವಾ? ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಬೇಸಿಗೆಯ ಬಿರುಕಿನಲ್ಲಿ ಕೈಯೇ ಇಳಿಯುತ್ತದೆ. ಜೇಬಿನಲ್ಲೂ ಅದೇ ಆಗುತ್ತದೆ. ಮಣ್ಣಿನ ಗಡ್ಡೆ ಕುಗ್ಗಿ ಬಟ್ಟೆಯಿಂದ, ಪ್ಲಾಸ್ಟಿಕ್‌ನಿಂದ ದೂರ ಸರಿಯುತ್ತದೆ. ಸುತ್ತ ಒಂದು ಸಂದು ಬೀಳುತ್ತದೆ. ಮೇಲಿನಿಂದ ಹಾಕಿದ ನೀರು ಆ ಸಂದಿನಲ್ಲಿ ಜಾರಿ, ಕೆಳಗಿನ ಜೇಬಿಗೆ ಹೋಗಿ, ಅಲ್ಲಿಂದ ಮತ್ತೆ ಕೆಳಗೆ ಜಾರುತ್ತದೆ. ನೀವು ನೋಡುವುದು ತಳದಿಂದ ಸುರಿಯುವ ನೀರು. 'ಸಾಕಷ್ಟು ಕುಡಿದಿದೆ' ಅಂತ ನಿಲ್ಲಿಸುತ್ತೀರಿ. ಬೇರು ಇರುವ ಗಡ್ಡೆ ಇಟ್ಟಿಗೆಯಂತೆ ಒಣಗಿಯೇ ಇರುತ್ತದೆ.

ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್ ತುಂಬಿದವರಿಗೂ ಇದೇ ತೊಂದರೆ ಬರುತ್ತದೆ, ಕಾರಣ ಮಾತ್ರ ಬೇರೆ. ಹಸಿಯಾಗಿದ್ದಾಗ ಅದು ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮಾತ್ರ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ, ನೀರು ಮೇಲೆಯೇ ಗುಂಡಗೆ ನಿಂತು ಅಂಚಿಗೆ ಹರಿಯುತ್ತದೆ. ಎರಡು ದಿನ ಊರಿಗೆ ಹೋಗಿ ಬಂದ ಮೇಲೆ ಗಿಡ ಚೇತರಿಸಿಕೊಳ್ಳದೇ ಇರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇದನ್ನು ಅಳೆದು ನೋಡಬಹುದು. ಒಂದು ಜೇಬಿಗೆ ಅಳತೆ ಮಾಡಿ ಕಾಲು ಲೀಟರ್ ನೀರು ನಿಧಾನವಾಗಿ ಹಾಕಿ. ಅದರ ತೂತಿನ ಕೆಳಗೆ ಲೋಟ ಹಿಡಿಯಿರಿ. ಒಂದು ನಿಮಿಷದ ಒಳಗೆ ಅರ್ಧಕ್ಕಿಂತ ಜಾಸ್ತಿ ನೀರು ಲೋಟಕ್ಕೆ ಬಂದರೆ, ಮತ್ತು ಕಡ್ಡಿ ಬುಡದಲ್ಲಿ ಒಣಗಿದ್ದರೆ, ನೀರು ಜಾರುತ್ತಿದೆ ಅಂತ ಖಚಿತ. ನಾನು ಮೊದಲ ಸಲ ಹೀಗೆ ಅಳೆದಾಗ ಲೋಟ ತುಂಬಲು ಬಂದಿತ್ತು. ಎರಡು ತಿಂಗಳು ನಾನು ದಿನಾ ಹಾಕಿದ ನೀರು ಮಾಳಿಗೆಯ ಫರಸಿಗೇ ಹೋಗಿತ್ತು ಅಂತ ಆವತ್ತು ಗೊತ್ತಾಯಿತು.

ತಕ್ಷಣದ ಪರಿಹಾರ ಹೀಗೆ. ಜೇಬು ಅಥವಾ ಕುಂಡ ಬಿಚ್ಚಲು ಬರುವಂತಿದ್ದರೆ ಬಕೆಟ್ ನೀರಿನಲ್ಲಿ ಅದರ ಮಣ್ಣಿನ ಮಟ್ಟದವರೆಗೆ ಮುಳುಗಿಸಿ ಅರ್ಧ ಗಂಟೆ ಇಡಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ನೀರು ಬಸಿಯಲು ಬಿಡಿ. ಬಿಚ್ಚಲು ಬರದಿದ್ದರೆ ನೀರನ್ನು ಮೂರು ಸಲ ಹಂಚಿ ಹಾಕಿ. ಮೊದಲು ಸ್ವಲ್ಪ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ವಲ್ಪ, ಮತ್ತೆ ಹತ್ತು ನಿಮಿಷ ಬಿಟ್ಟು ಉಳಿದದ್ದು. ಮೊದಲ ಸುತ್ತು ಮಣ್ಣಿನ ಬಾಯಿ ಮುಚ್ಚಿಸುತ್ತದೆ, ಮೂರನೆಯದು ಬೇರಿಗೆ ಹೋಗುತ್ತದೆ. ಅಂಚಿನ ಸಂದಿನಲ್ಲಿ ಒದ್ದೆ ಮಾಡಿದ ಕೊಕೊಪೀಟ್ ಮತ್ತು ಎರೆಹುಳು ಗೊಬ್ಬರ ಕಲಸಿ ಕಡ್ಡಿಯಿಂದ ತುರುಕಿ.

ಶಾಶ್ವತ ಪರಿಹಾರ ಅಂದರೆ ಮಣ್ಣು ಬದಲಿಸುವುದೇ. ಬರೀ ಎರೆ ಮಣ್ಣು ಗೋಡೆ ತೋಟಕ್ಕೆ ಬೇಡ. ನಾನು ಈಗ ಬಳಸುವ ಅಳತೆ: ಕೊಕೊಪೀಟ್ ಎರಡು ಬುಟ್ಟಿ, ಎರೆಹುಳು ಗೊಬ್ಬರ ಒಂದು, ಕೆಂಪು ಮಣ್ಣು ಒಂದು, ದಪ್ಪ ಮರಳು ಅರ್ಧ, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ. ಎರೆ ಮಣ್ಣು ಬೇಕೇ ಬೇಕು ಅನ್ನುವವರು ಒಟ್ಟು ಮಣ್ಣಿನ ಐದರಲ್ಲಿ ಒಂದು ಪಾಲು ದಾಟಬೇಡಿ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ಹಿಂಡಿ ಬಳಸಿ, ಅದರಲ್ಲಿ ಉಪ್ಪು ಇರುತ್ತದೆ. ಮೇಲ್ಮಣ್ಣಿನ ಮೇಲೆ ತೊಗರಿ ಹೊಟ್ಟು ತೆಳ್ಳಗೆ ಹರಡಿದರೆ ಮಣ್ಣು ಬಿರುಕು ಬಿಡುವುದು ತುಂಬಾ ಕಡಿಮೆ. ದಾಲ್ ಮಿಲ್ಲುಗಳ ಊರು ನಮ್ಮದು, ಹೊಟ್ಟು ಹುಡುಕುವುದು ಕಷ್ಟವಲ್ಲ.

ಬೀದರ್ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು ಜಾಸ್ತಿ. ಅದು ಎರೆಯಂತೆ ಬಾಯಿ ಬಿಡುವುದಿಲ್ಲ, ಆದರೆ ನೀರು ಬೇಗ ಬಸಿದು ಹೋಗುತ್ತದೆ, ಜೊತೆಗೆ ಗೊಬ್ಬರದ ಸತ್ವವೂ ಹೋಗುತ್ತದೆ. ಅಲ್ಲಿ ಕೊಕೊಪೀಟ್ ಮತ್ತು ಕಾಂಪೋಸ್ಟ್ ಪಾಲು ಹೆಚ್ಚಿಸಬೇಕು, ಎರೆಹುಳು ಗೊಬ್ಬರವನ್ನು 15 ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡಬೇಕು.

ಮೇಲೆ ಒಣ, ಕೆಳಗೆ ಕೊಳೆ

ನಾಲ್ಕು ಇಂಚಿನ ಪಿವಿಸಿ ಪೈಪನ್ನು ನಿಲ್ಲಿಸಿ ಸುತ್ತ ತೂತು ಮಾಡಿ ಗಿಡ ಹಾಕುವವರಲ್ಲಿ, ಕುಂಡದ ಮೇಲೆ ಕುಂಡ ಪೇರಿಸುವವರಲ್ಲಿ ಇದು ಜಾಸ್ತಿ. ನೀರು ಕೆಳಕ್ಕೆ ಇಳಿಯುವುದು ಸಹಜ. ಆದರೆ ತಳಕ್ಕೆ ಬಂದ ನೀರು ಪೂರ್ತಿ ಹೊರಗೆ ಹೋಗುವುದಿಲ್ಲ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ನೀರನ್ನು ಹಿಡಿದುಕೊಂಡೇ ಇರುತ್ತವೆ, ತಳದಲ್ಲಿ ಒಂದಿಷ್ಟು ಇಂಚು ಯಾವಾಗಲೂ ತೊಯ್ದೇ ಇರುತ್ತದೆ. ಎರೆಯಂಥ ನುಣುಪು ಮಣ್ಣಿನಲ್ಲಿ ಆ ಭಾಗ ಇನ್ನೂ ಎತ್ತರ.

ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ಹಾಕಿದ್ದೆ. ಅದರಿಂದ ಉಪಯೋಗ ಇಲ್ಲ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ದಾಟುವುದಿಲ್ಲ, ಮಣ್ಣು ಪೂರ್ತಿ ತೊಯ್ಯುವವರೆಗೆ ಅಲ್ಲೇ ನಿಲ್ಲುತ್ತದೆ. ತೊಯ್ದ ಭಾಗ ಜಲ್ಲಿಯಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ ಅಷ್ಟೇ. ಜಲ್ಲಿ ತೆಗೆದು ಅಲ್ಲೂ ಹಗುರ ಮಣ್ಣನ್ನೇ ತುಂಬಿ. ತಳದ ತೂತು ಮುಚ್ಚಿಲ್ಲವೇ ನೋಡಿ, ಹಳೆಯ ಬೇರು, ಸುಣ್ಣ ಕಟ್ಟಿ ಮುಚ್ಚುವುದುಂಟು.

ಕೊಳೆ ಇದೆಯೋ ಇಲ್ಲವೋ ತಿಳಿಯಲು ಒಂದು ಗಿಡ ಕಿತ್ತು ಬೇರು ತೊಳೆಯಿರಿ. ಒಂದು ಗಿಡ ಹೋದರೆ ಹೋಗಲಿ, ಉಳಿದದ್ದು ಬದುಕುತ್ತವೆ. ಬೇರು ಬೆಳ್ಳಗೆ, ಬಿಗಿಯಾಗಿ ಇದ್ದರೆ ಒಳ್ಳೆಯದು. ಕಂದು ಬಣ್ಣವಾಗಿ, ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ನಡುವೆ ದಾರದಂಥ ಎಳೆ ಉಳಿದರೆ, ಚರಂಡಿ ವಾಸನೆ ಬಂದರೆ ಅದು ಕೊಳೆ. ಆ ಜೇಬಿಗೆ ನಾಲ್ಕೈದು ದಿನ ನೀರು ಹಾಕುವುದನ್ನು ನಿಲ್ಲಿಸಿ. ಅಷ್ಟರಲ್ಲಿ ಹೊಸ ಚಿಗುರು ಬಾರದಿದ್ದರೆ ಮಣ್ಣು ಖಾಲಿ ಮಾಡಿ ಬಿಸಿಲಿಗೆ ಹರಡಿ. ಮೇ ತಿಂಗಳ ನಮ್ಮ ಮಾಳಿಗೆಯ ಬಿಸಿಲಿಗೆ ಒಂದು ವಾರ ಒಣಗಿದ ಮಣ್ಣನ್ನು ಕಾಂಪೋಸ್ಟ್ ಬೆರೆಸಿ ಮತ್ತೆ ಬಳಸಬಹುದು.

ನಿಂತ ಪೈಪಿಗೆ ಇನ್ನೊಂದು ಉಪಾಯ ಇದೆ. ನಡುವೆ ಒಂದು ಇಂಚಿನ ತೆಳು ಪೈಪ್ ಇಳಿಸಿ, ಅದರ ತಳ ಮುಚ್ಚಿ, ಮೇಲಿನ ಅರ್ಧಕ್ಕೆ ಹತ್ತಿರ ಹತ್ತಿರ ಸಣ್ಣ ತೂತು, ಕೆಳಗಿನ ಅರ್ಧಕ್ಕೆ ದೂರ ದೂರ ತೂತು ಮಾಡಿ. ನೀರನ್ನು ಆ ಪೈಪಿಗೇ ಹಾಕಿ. ಎಲ್ಲಾ ಕಡೆ ಒಂದೇ ಅಂತರದಲ್ಲಿ ತೂತು ಮಾಡಿದರೆ ನೀರೆಲ್ಲ ತಳಕ್ಕೇ ಹೋಗುತ್ತದೆ.

ಗಿಡಗಳ ಜಾಗವನ್ನೂ ನೀರಿಗೆ ತಕ್ಕಂತೆ ಬದಲಿಸಿ. ಒಣಗುವ ಮೇಲಿನ ಸಾಲಿಗೆ ದೊಡ್ಡಪತ್ರೆ, ತುಳಸಿ. ನಡುವೆ ಮೆಂತ್ಯ, ರಾಜಗಿರಿ, ಕೋತಂಬ್ರಿ. ತೇವ ನಿಲ್ಲುವ ಕೆಳಗಿನ ಸಾಲಿಗೆ ಪುದೀನಾ, ಪಾಲಕ. ನಾನು ಮೊದಲು ಪುದೀನಾವನ್ನು ಕಣ್ಣಿಗೆ ಚೆಂದ ಕಾಣಲಿ ಅಂತ ಮೇಲೆ ಹಾಕಿ ಮೂರು ಸಲ ಕಳೆದುಕೊಂಡೆ. ಕೆಳಗಿಳಿಸಿದ ಮೇಲೆ ಅದನ್ನು ಕತ್ತರಿಸಿ ಸಾಕಾಗುವಷ್ಟು ಬೆಳೆಯಿತು.

ಡ್ರಿಪ್ ಹಾಕಿದ್ದೇವೆ, ಆದರೂ ಹೀಗೇ ಆಗುತ್ತಿದೆ

ಡ್ರಿಪ್, ಅಂದರೆ ಹನಿ ಹನಿಯಾಗಿ ನೀರು ಬಿಡುವ ಪೈಪ್ ಹಾಕಿದವರು ನೀರಿನ ಬಗ್ಗೆ ಅನುಮಾನವನ್ನೇ ಪಡುವುದಿಲ್ಲ. ಆದರೆ ಮನೆಯ ಟಾಕಿಯಿಂದ ಬರುವ ಒತ್ತಡ ಲೆಕ್ಕ ಹಾಕಿ. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ. ಹೊಲದ ಡ್ರಿಪ್ಪರ್‌ಗಳನ್ನು ಹೆಚ್ಚಾಗಿ ಅಷ್ಟು ಒತ್ತಡಕ್ಕೆ ಮಾಡಿರುತ್ತಾರೆ. ಮಾಳಿಗೆಯ ಟಾಕಿಯಲ್ಲಿ ನೀರಿನ ಮಟ್ಟ ಮೇಲಿನ ಸಾಲಿಗಿಂತ ಎರಡು ಮೀಟರ್ ಎತ್ತರ ಇದ್ದರೆ ಅಲ್ಲಿ ಸಿಗುವುದು ಅದರ ಐದನೇ ಒಂದು ಪಾಲು ಮಾತ್ರ. ಕೆಳಗಿನ ಸಾಲು ಇನ್ನೂ ಒಂದೂವರೆ ಮೀಟರ್ ಕೆಳಗಿದ್ದರೆ ಅಲ್ಲಿ ಒತ್ತಡ ಜಾಸ್ತಿ, ಮೇಲಿನ ಸಾಲಿಗಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು ನೀರು ಬೀಳುತ್ತದೆ. ಅದರ ಮೇಲೆ, ಮೇಲಿನ ಜೇಬುಗಳಿಂದ ಬಸಿದ ನೀರೂ ಅಲ್ಲಿಗೇ ಬರುತ್ತದೆ.

ಪ್ರತಿ ಸಾಲಿನ ಒಂದು ಡ್ರಿಪ್ಪರ್ ಕೆಳಗೆ ಒಂದೇ ಅಳತೆಯ ಬಟ್ಟಲು ಇಟ್ಟು ಹತ್ತು ನಿಮಿಷ ನೀರು ಬಿಡಿ. ಬಟ್ಟಲುಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಾಕು, ಬೇರೆ ಯಂತ್ರ ಬೇಕಿಲ್ಲ. ಕೆಳಗೆ ಜಾಸ್ತಿ ಬಂದರೆ ಪ್ರತಿ ಸಾಲಿಗೆ ಸಣ್ಣ ಕಾಕ್ ಹಾಕಿಸಿ ಕೆಳಗಿನದನ್ನು ಬಿಗಿ ಮಾಡಿ. ಒಂದೇ ಒಂದು ಬಟ್ಟಲು ಖಾಲಿ ಇದ್ದರೆ ಆ ಡ್ರಿಪ್ಪರ್ ಕಟ್ಟಿದೆ. ಬಿಚ್ಚಿ ರಾತ್ರಿ ನಿಂಬೆರಸ ಅಥವಾ ವಿನೆಗರ್‌ನಲ್ಲಿ ನೆನೆಸಿಡಿ. ಬೋರ್ ನೀರಿನ ಸುಣ್ಣ ಬಿಡುತ್ತದೆ.

ಎಲೆ ಹಳದಿ, ಅಂಚು ಸುಟ್ಟದ್ದು

ನೀರಿನ ದಾರಿ ಸರಿ ಮಾಡಿದ ಎರಡು ವಾರದ ಮೇಲೂ ಹಳದಿ ಉಳಿದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಮೊದಲೇ ಬಂದರೆ ಬೇರಿಗೆ ನೀರೇ ಮುಟ್ಟದ ಗಿಡಕ್ಕೆ ಗೊಬ್ಬರ ಹಾಕಿದಂತಾಗುತ್ತದೆ. ನಾನು ಮಾಡಿದ್ದು ಅದನ್ನೇ, ಒಣ ಮಣ್ಣಿಗೆ ಯೂರಿಯಾ ಹಾಕಿ ಬೇರು ಸುಟ್ಟೆ.

ಯಾವ ಎಲೆ ಹಳದಿ ಅಂತ ನೋಡಿ. ಕೆಳಗಿನ ಹಳೆ ಎಲೆ ಮೊದಲು ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಎರೆಹುಳು ಗೊಬ್ಬರ ಒಂದು ಹಿಡಿ ಹಾಕಿ. ಮೇಲಿನ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ನಮ್ಮ ಭಾಗದಲ್ಲಿ ಇದು ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತ ಅಲ್ಲ. ಎರೆ ಮಣ್ಣಿನಲ್ಲಿ ಸುಣ್ಣ ಇರುತ್ತದೆ. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದ ಕೆಳಗೆ ಇರುವುದೇ ಸುಣ್ಣದ ಕಲ್ಲು, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೂ ಅದಕ್ಕೇ. ಸುಣ್ಣ ಜಾಸ್ತಿ ಇರುವಲ್ಲಿ ಕಬ್ಬಿಣ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಚಮಚ ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ಬುಸುಬುಸು ಅಂತ ನೊರೆ ಬಂದರೆ ಸುಣ್ಣ ಇದೆ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಕಟ್ಟುವ ಬಿಳಿ ಪದರಕ್ಕೂ ಇದೇ ಪರೀಕ್ಷೆ. ನೊರೆ ಬಂದರೆ ಬೋರ್ ನೀರಿನ ಸುಣ್ಣ, ಬಾರದಿದ್ದರೆ ಗೊಬ್ಬರದ ಅಥವಾ ನೀರಿನ ಉಪ್ಪು. ಉಪ್ಪಾಗಿದ್ದರೆ ಎಲೆಯ ತುದಿ, ಅಂಚು ಕಂದಾಗಿ ಸುಟ್ಟಿರುತ್ತದೆ.

ಉಪ್ಪಿಗೆ ಮದ್ದು ನೀರೇ. ವಾರಕ್ಕೊಮ್ಮೆ ನಳದ ಸಿಹಿನೀರು ಅಥವಾ ಹಿಡಿದಿಟ್ಟ ಮಳೆನೀರನ್ನು ಜೇಬಿನ ಅಳತೆಯಷ್ಟೇ ನಿಧಾನವಾಗಿ ಹಾಯಿಸಿ ತಳದಿಂದ ಬಸಿಯಲು ಬಿಡಿ. ಬಸಿದ ನೀರು ಕೆಳಗಿನ ಜೇಬಿಗೆ ಬೀಳದಂತೆ ಹಾಳೆ ಅಡ್ಡ ಹಿಡಿಯಿರಿ, ಇಲ್ಲದಿದ್ದರೆ 24 ಜೇಬಿನ ಉಪ್ಪು ಕೊನೆಯ ನಾಲ್ಕು ಜೇಬಿನಲ್ಲಿ ಸೇರುತ್ತದೆ. ನಮ್ಮ ಕೆಳಸಾಲಿನ ಪಾಲಕದ ಅಂಚು ಮೊದಲು ಸುಟ್ಟದ್ದು ಇದೇ ಕಾರಣಕ್ಕೆ. ಕಬ್ಬಿಣಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆ ಮೇಲೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹೊಸದಾಗಿ ಬರುವ ಎಲೆ ಹಸಿರಾದರೆ ನಿಮ್ಮ ಊಹೆ ಸರಿ. ಸೊಪ್ಪನ್ನು ಚೆನ್ನಾಗಿ ತೊಳೆದೇ ಬಳಸಿ.

ಗೋಡೆಯೇ ಒಲೆಯಾದಾಗ

ಬೆಳಗ್ಗೆ ನೆಟ್ಟಗಿದ್ದು ಮಧ್ಯಾಹ್ನ ಮೂರಕ್ಕೆ ಬಾಡುವ ಗಿಡದ ಹಿಂದಿನ ಗೋಡೆಗೆ ಸಂಜೆ ಏಳು ಗಂಟೆಗೆ ಕೈ ಇಟ್ಟು ನೋಡಿ. ನಮ್ಮ ಕಲ್ಲಿನ ಗೋಡೆ ರಾತ್ರಿ ಒಂಬತ್ತಕ್ಕೂ ಬೆಚ್ಚಗಿರುತ್ತದೆ. ಪಶ್ಚಿಮದ ಗೋಡೆಗೆ ತಾಗಿಸಿ ಕಟ್ಟಿದ ಕಪ್ಪು ಜೇಬಿನಲ್ಲಿ ಮುಂದಿನಿಂದ ಬಿಸಿಲು, ಹಿಂದಿನಿಂದ ಕಲ್ಲಿನ ಕಾವು. ಬೇರು ನಡುವೆ ಬೇಯುತ್ತದೆ. ಎಷ್ಟು ನೀರು ಹಾಕಿದರೂ ಸುಟ್ಟ ಬೇರು ಅದನ್ನು ಎಳೆಯುವುದಿಲ್ಲ.

ಗೋಡೆಗೂ ಪ್ಲಾಂಟರಿಗೂ ನಡುವೆ ಮೂರು ನಾಲ್ಕು ಇಂಚು ಸಂದು ಬಿಡಿ, ಗಾಳಿ ಆಡಲಿ. ಗೋಡೆಗೆ ಸುಣ್ಣ ಬಳಿಯಿರಿ. ಕಪ್ಪು ಕುಂಡಗಳಿಗೆ ಬಿಳಿ ಬಟ್ಟೆ ಅಥವಾ ಗೋಣಿಚೀಲ ಸುತ್ತಿ. ಇನ್ನು ಶೇಡ್ ನೆಟ್. ಎಲ್ಲರೂ ತಲೆ ಮೇಲೆ ಚಪ್ಪರದಂತೆ ಕಟ್ಟುತ್ತಾರೆ. ಪಶ್ಚಿಮದ ಗೋಡೆಗೆ ಅದರಿಂದ ಉಪಯೋಗ ಕಡಿಮೆ, ಯಾಕೆಂದರೆ ಮೂರು ಗಂಟೆ ಮೇಲೆ ಬಿಸಿಲು ಓರೆಯಾಗಿ ಚಪ್ಪರದ ಕೆಳಗಿನಿಂದ ನುಗ್ಗುತ್ತದೆ. ಅರ್ಧ ಬಿಸಿಲು ತಡೆಯುವ 50 ಶೇಕಡಾ ನೆಟ್ಟನ್ನು ಪರದೆಯಂತೆ ಗಿಡದ ಮುಂದೆ ಒಂದು ಅಡಿ ದೂರದಲ್ಲಿ ಇಳಿಬಿಡಿ. ಬೆಳಗ್ಗೆ ಸರಿಸಿ, ಮಧ್ಯಾಹ್ನ ಎಳೆಯಿರಿ. ನನಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಈ ಪರದೆ.

ಆಗುವವರು ಪೂರ್ವದ ಗೋಡೆಗೇ ಕಟ್ಟಿ. ಬೆಳಗಿನ ಹೊತ್ತು ನಾಲ್ಕೈದು ತಾಸಿನ ಬಿಸಿಲು ಸೊಪ್ಪಿಗೆ ಸಾಕು.

ರೋಗ ಅಲ್ಲದ ಕೆಲವು

ಕೋತಂಬ್ರಿ ಎಲೆ ಇದ್ದಕ್ಕಿದ್ದಂತೆ ಸಬ್ಬಸಗಿಯಂತೆ ಸಣ್ಣ ಎಳೆ ಎಳೆಯಾಗಿ ಬರುತ್ತದೆ. ಬೀಜ ಕಲಬೆರಕೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಗಿಡ ಹೂವಿಗೆ ಹೊರಟಿದೆ. ಸೆಕೆ ಏರಿ ಹಗಲು ಉದ್ದವಾದರೆ ಅದು ಹಾಗೇ ಮಾಡುತ್ತದೆ. ಹಿಂದಕ್ಕೆ ತರಲು ಬರುವುದಿಲ್ಲ, ಕಿತ್ತು ಬಳಸಿಬಿಡಿ. ನಮ್ಮಲ್ಲಿ ಕೋತಂಬ್ರಿಗೆ ಅಕ್ಟೋಬರ್‌ನಿಂದ ಜನವರಿವರೆಗೆ ಬಿತ್ತುವುದು ಒಳ್ಳೆಯದು. ಬೇಸಿಗೆಗೆ ಅದೇ ಜೇಬಿನಲ್ಲಿ ರಾಜಗಿರಿ ಹಾಕಿ, ಬಿಸಿಲಿಗೆ ಅದು ಹೆದರುವುದಿಲ್ಲ. ಪುಂಡಿಯೂ ಬರುತ್ತದೆ, ಆದರೆ ಅದರ ಬೇರು ಆಳಕ್ಕೆ ಹೋಗುತ್ತದೆ. ಗೇಣುದ್ದ ಇರುವಾಗಲೇ ಚಿವುಟಿ ಪಲ್ಯಕ್ಕೆ ಹಾಕಿಕೊಳ್ಳಬೇಕು.

ಟೊಮ್ಯಾಟೊ, ಮೆಣಸಿನಗಿಡ ಹೂ ಉದುರಿಸುತ್ತಿದ್ದರೆ ಎರಡು ಕಾರಣ ನೋಡಿ. ಒಂದು ಸೆಕೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ 25ರ ಕೆಳಗೆ ಇಳಿಯದಿದ್ದರೆ ಟೊಮ್ಯಾಟೊ ಹೂವು ಕಾಯಿ ಕಟ್ಟುವುದು ಕಷ್ಟ. ಮಳೆ ಬಿದ್ದು ತಂಪಾದ ಮೇಲೆ ತಾನೇ ಸರಿಹೋಗುತ್ತದೆ. ಇನ್ನೊಂದು ಜಾಗ. ಎರಡು ಲೀಟರಿನ ಜೇಬು ಮೆಂತ್ಯಕ್ಕೆ ಸಾಕು, ಮೆಣಸಿನಗಿಡಕ್ಕೆ ಎಂಟು ಹತ್ತು ಲೀಟರ್ ಮಣ್ಣು ಬೇಕು, ಟೊಮ್ಯಾಟೊಗೆ ಹದಿನೈದಾದರೂ ಬೇಕು. ಅವನ್ನು ಗೋಡೆಯ ಬುಡದಲ್ಲಿ ಬಕೆಟ್‌ಗಳಲ್ಲಿ ಇಟ್ಟುಕೊಳ್ಳಿ.

ಹುಳ, ನುಸಿ

ಬೇಸಿಗೆಯಲ್ಲಿ ಎಲೆ ಮೇಲೆ ಸಣ್ಣ ಬಿಳಿ ಚುಕ್ಕೆ, ಕೆಳಗೆ ತೆಳು ಬಲೆ ಕಂಡರೆ ಬಿಳಿ ಹಾಳೆ ಮೇಲೆ ಎಲೆ ತಟ್ಟಿ. ಉದುರಿದ ಚುಕ್ಕೆ ನಡೆದಾಡಿದರೆ ಅದು ಮೈಟ್ ನುಸಿ. ಒಣ ಸೆಕೆ, ಧೂಳು ಎರಡೂ ಅದಕ್ಕೆ ಇಷ್ಟ. ಎಲೆಯ ಹಿಂಬದಿಗೆ ಬೀಳುವಂತೆ ಮೂರು ದಿನ ಬೆಳಗ್ಗೆ ಜೋರಾಗಿ ನೀರು ಹೊಡೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಉಳಿದರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಕಲಸಲು ಸ್ವಲ್ಪ ಸೋಪಿನ ನೀರು. ಸಂಜೆ ಮಾತ್ರ ಹೊಡೆಯಿರಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೆಣಸಿನ ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಅನ್ನುವ ಸಣ್ಣ ರಸ ಹೀರುವ ಹುಳ, ಕೆಳಕ್ಕೆ ಮುದುಡಿದರೆ ಮೈಟ್ ಅಂತ ನಮ್ಮ ರೈತರು ಗುರುತು ಹಿಡಿಯುತ್ತಾರೆ, ಅದು ಸರಿಯೇ.

ನೀರು ಸರಿ ಇಲ್ಲದ ಗಿಡಕ್ಕೆ ನುಸಿ ಮತ್ತೆ ಮತ್ತೆ ಬರುತ್ತದೆ. ಎರಡನೇ ಸಲ ಬಂದರೆ ಎಣ್ಣೆ ಬಾಟಲಿ ಬದಿಗಿಟ್ಟು ಕಡ್ಡಿ ಹಿಡಿದುಕೊಂಡು ಮೊದಲಿಂದ ನೋಡಿ.

ಗೋಡೆ, ಕೊಕ್ಕೆ, ತೂಕ

ಎರಡು ಲೀಟರಿನ 24 ಜೇಬು ಅಂದರೆ 48 ಲೀಟರ್. ಕೊಕೊಪೀಟ್ ಮಿಶ್ರಣ ತೊಯ್ದಾಗ ಸುಮಾರು 50 ಕೆಜಿ ಆಗುತ್ತದೆ. ಅದೇ ಎರೆ ಮಣ್ಣು ತೊಯ್ದರೆ 80 ಕೆಜಿ ದಾಟುತ್ತದೆ. ಒಂದು ಬದಿಯ ಕೊಕ್ಕೆ ಸ್ವಲ್ಪ ಜಗ್ಗಿದರೂ ಸಾಲು ಓರೆಯಾಗಿ ನೀರು ಒಂದೇ ಬದಿಗೆ ಹರಿಯುತ್ತದೆ. ಎಡಬದಿಯ ಜೇಬುಗಳೇ ಯಾವಾಗಲೂ ಒಣಗುತ್ತಿವೆ ಅಂದರೆ ಮಣ್ಣನ್ನು ಬೈಯುವ ಮೊದಲು ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದು ಮಟ್ಟ ನೋಡಿ. ಮೇಸ್ತ್ರಿಗಳು ಹಿಡಿಯುವ ಹಾಗೆ. ನಮ್ಮದು ಒಂದೂವರೆ ಇಂಚು ಓರೆಯಾಗಿತ್ತು.

ಗೋಡೆಯ ಹಿಂಬದಿಯ ಕೋಣೆಯಲ್ಲಿ ಬಣ್ಣ ಉಬ್ಬಿದ್ದರೆ ನೀರು ಗೋಡೆಗೂ ಹೋಗುತ್ತಿದೆ. ಜೇಬಿನ ಹಿಂದೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಅದರ ತುದಿಯನ್ನು ಕೆಳಗೆ ಅರ್ಧ ಸೀಳಿದ ಪೈಪಿಗೆ ಬಿಡಿ. ಆ ಪೈಪಿನ ತುದಿಗೆ ಬಕೆಟ್ ಇಟ್ಟರೆ ದಿನಾ ಎಷ್ಟು ನೀರು ಬಸಿಯುತ್ತದೆ ಅಂತಲೂ ಗೊತ್ತಾಗುತ್ತದೆ. ನಮ್ಮ ಬಕೆಟ್‌ನಲ್ಲಿ ಮೊದಲು ಬೆಳಗ್ಗೆ ಅರ್ಧ ತುಂಬುತ್ತಿದ್ದ ನೀರು ಈಗ ಒಂದು ಚೊಂಬು ದಾಟುವುದಿಲ್ಲ. ಮೇ ಕೊನೆಯಲ್ಲಿ ಗಾಳಿ ಮಳೆ ಶುರುವಾಗುವ ಮೊದಲು ಒಂದು ಸಲ ಎಲ್ಲಾ ಕೊಕ್ಕೆಗಳನ್ನು ಕೈಯಿಂದ ಎಳೆದು ನೋಡಿ. ತುಕ್ಕು ಹಿಡಿದದ್ದನ್ನು ಅವತ್ತೇ ಬದಲಿಸಿ. ಕೆಳಗೆ ಮಕ್ಕಳು ಆಡುವ ಜಾಗವಿದ್ದರೆ ಮೇಲಿನ ಎರಡು ಸಾಲನ್ನು ಆ ತಿಂಗಳು ಬಿಚ್ಚಿ ಕೆಳಗೆ ಇಳಿಸಿಡಿ.